ಕಪ್ಪು ಕೇಮನ್ ತುಂಬ ಗೆರೆ: ಸೆರಾಮಿಕ್ ಕೋಟಿಂಗ್ ಹಾಕಿಸಲಾ, ಪಿಪಿಎಫ್ ಹಾಕಿಸಲಾ?

ನಿಮ್ಮ ಪ್ರಶ್ನೆಯ ಸಾರ ಇಷ್ಟು: ಸೆಕೆಂಡ್ ಹ್ಯಾಂಡ್‌ನಲ್ಲಿ ಕಪ್ಪು ಬಣ್ಣದ ಪೋರ್ಶೆ 718 ಕೇಮನ್ ತಗೊಂಡಿದ್ದೀರಿ. ಬೆಂಗಳೂರಿನ ಅಪಾರ್ಟ್‌ಮೆಂಟ್‌ನ ಬೇಸ್‌ಮೆಂಟ್‌ನಲ್ಲಿ ನಿಲ್ಲಿಸುತ್ತೀರಿ. ಬಿಸಿಲಿಗೆ ತಂದರೆ ಬಾನೆಟ್ ಮೇಲೆಲ್ಲ ಜೇಡರ ಬಲೆಯಂಥ ಗೆರೆಗಳು. ಒಂದು ಅಂಗಡಿಯಲ್ಲಿ ರಬ್ಬಿಂಗ್ (ಮೆಷಿನ್‌ನಲ್ಲಿ ಪಾಲಿಶ್) ಮಾಡಿ 9ಎಚ್ ಸೆರಾಮಿಕ್ (ಪೇಂಟಿನ ಮೇಲೆ ಹಚ್ಚುವ ತೆಳು ಲೇಪ) ಹಾಕಿದರೆ ಮುಂದೆ ಗೆರೆಯೇ ಬೀಳುವುದಿಲ್ಲ ಅಂದಿದ್ದಾರೆ. ಅದನ್ನು ನಂಬಬಹುದೇ, ಅಥವಾ ಪಿಪಿಎಫ್ (ಪೇಂಟ್ ಕಾಪಾಡಲು ಅಂಟಿಸುವ ಪಾರದರ್ಶಕ ಫಿಲ್ಮ್) ಒಳ್ಳೆಯದೇ?

ಆ ಮಾತನ್ನು ನಂಬಬೇಡಿ. ಪಿಪಿಎಫ್ ಬೇಕು, ಆದರೆ ಇಡೀ ಕಾರಿಗೆ ಬೇಕಾಗಿಲ್ಲ. ಇವೆರಡಕ್ಕೂ ಮೊದಲು ನಿಮ್ಮ ಕಾರನ್ನು ದಿನಾ ಬೆಳಿಗ್ಗೆ ಯಾರು, ಯಾವುದರಿಂದ ಒರೆಸುತ್ತಿದ್ದಾರೆ ಅನ್ನುವುದು ಇತ್ಯರ್ಥ ಆಗಬೇಕು. ನಾನು ಡೀಟೇಲಿಂಗ್ (ಕಾರು ತೊಳೆದು, ಪಾಲಿಶ್, ಕೋಟಿಂಗ್ ಮಾಡುವ) ಕೆಲಸದಲ್ಲೇ ಇರುವವನು. ಕೋಟಿಂಗ್ ಹಾಕಿಸಿಕೊಂಡು ಹೋದ ಕಾರು ವರ್ಷದೊಳಗೆ ಅದೇ ಗೆರೆಗಳ ಜೊತೆ ವಾಪಸ್ ಬಂದರೆ ನಾನು ಕೇಳುವ ಮೊದಲ ಪ್ರಶ್ನೆ ಇದೇ.

ನಮ್ಮ ಅಪಾರ್ಟ್‌ಮೆಂಟ್‌ಗಳಲ್ಲಿ ಒಂದು ಬಕೆಟ್ ನೀರು, ಒಂದು ಬಟ್ಟೆ, ಅದರಲ್ಲೇ ಸಾಲಾಗಿ ನಿಂತ ಅಷ್ಟೂ ಕಾರುಗಳು. ಹಿಂದಿನ ಕಾರಿನ ಮಣ್ಣು ನಿಮ್ಮ ಬಾನೆಟ್‌ಗೆ, ನಿಮ್ಮದು ಪಕ್ಕದವರ ಕಾರಿಗೆ. ಊರ ತುಂಬ ಕಟ್ಟಡದ ಕೆಲಸ ನಡೆಯುತ್ತಿದೆ. ಗಾಳಿಯಲ್ಲಿ ಹಾರುವ ದೂಳಿನಲ್ಲಿ ಎಂ-ಸ್ಯಾಂಡ್ ಪುಡಿ ಇರುತ್ತದೆ. ಅದು ಗ್ರಾನೈಟ್ ಅರೆದು ಮಾಡಿದ್ದು, ಅದರಲ್ಲಿರುವ ಕ್ವಾರ್ಟ್ಜ್ ಗಾಜಿನ ಮೇಲೂ ಗೀರು ಹಾಕುತ್ತದೆ. ಅದನ್ನು ಒದ್ದೆ ಬಟ್ಟೆಯಲ್ಲಿ ಒತ್ತಿ ಉಜ್ಜಿದರೆ ಯಾವ ಪೇಂಟೂ ತಡೆಯುವುದಿಲ್ಲ. ಗೆರೆಗಳು ನಿಜವಾಗಿ ಸುತ್ತಾಗಿಲ್ಲ, ಎಲ್ಲ ದಿಕ್ಕಿಗೂ ಇರುತ್ತವೆ. ಸೂರ್ಯನ ಪ್ರತಿಬಿಂಬಕ್ಕೆ ಅಡ್ಡಲಾಗಿರುವಂಥವು ಮಾತ್ರ ಮಿನುಗುವುದರಿಂದ ಬಲೆಯ ಹಾಗೆ ಕಾಣುತ್ತವೆ. ಬಿಳಿ ಕಾರಿನಲ್ಲೂ ಇಷ್ಟೇ ಇರುತ್ತವೆ, ಕಪ್ಪು ಮುಚ್ಚಿಡುವುದಿಲ್ಲ ಅಷ್ಟೆ.

ಒರೆಸುವ ಅಣ್ಣನ ಕೆಲಸ ಬಿಡಿಸಬೇಡಿ. ತಿಂಗಳ ಹಣ ಅಷ್ಟೇ ಕೊಡಿ, ಗಾಜು ಮತ್ತು ಚಕ್ರ ಮಾತ್ರ ನೋಡಿಕೊಳ್ಳಿ, ಕಾರಿನ ಮೈಗೆ ಬಟ್ಟೆ ಮುಟ್ಟಿಸಬೇಡಿ ಅಂತ ಸಮಾಧಾನವಾಗಿ ಹೇಳಿ. ಬೇಸ್‌ಮೆಂಟ್‌ನಲ್ಲಿ ದೂಳು ಕೂತರೆ ಕೂರಲಿ, ಕೂತ ದೂಳು ಗೀರುವುದಿಲ್ಲ. ದೂಳಿರುವ ಕಾರಿನ ಮೇಲೆ ಕವರ್ ಎಳೆಯುವುದನ್ನೂ ಬಿಡಿ, ಅದೂ ಒಣಬಟ್ಟೆಯಲ್ಲಿ ಉಜ್ಜಿದಂತೆಯೇ.

ವಾರಕ್ಕೊಮ್ಮೆಯೋ ಹತ್ತು ದಿನಕ್ಕೊಮ್ಮೆಯೋ ನೀವೇ ತೊಳೆಯಿರಿ. 2024ರ ಮಾರ್ಚ್‌ನಲ್ಲಿ ನೀರಿನ ಅಭಾವ ಬಂದಾಗ ಜಲಮಂಡಳಿ ಕುಡಿಯುವ ನೀರಲ್ಲಿ ವಾಹನ ತೊಳೆಯುವುದನ್ನು ನಿಷೇಧಿಸಿ 5,000 ರೂಪಾಯಿ ದಂಡ ಇಟ್ಟಿತ್ತು. ಈ ಊರಲ್ಲಿ ಪೈಪ್ ಹಿಡಿದು ತೊಳೆಯುವ ಅಭ್ಯಾಸ ಹೇಗೂ ಸರಿಯಲ್ಲ. ಬರೀ ದೂಳಿದ್ದರೆ ರಿನ್ಸ್‌ಲೆಸ್ ವಾಶ್ ಸಾಕು: ಒಂದು ಬಕೆಟ್ ನೀರಿಗೆ ಬಾಟಲಿಯಲ್ಲಿ ಬರೆದಷ್ಟು ದ್ರಾವಣ, ಏಳೆಂಟು ಮೈಕ್ರೊಫೈಬರ್ ಬಟ್ಟೆ. ಮೊದಲು ಅದನ್ನೇ ಸ್ಪ್ರೇ ಮಾಡಿ ದೂಳು ನೆನೆಯಲು ಬಿಡಿ, ಆಮೇಲೆ ಭಾರ ಹಾಕದೆ ಒಂದೇ ದಿಕ್ಕಿಗೆ ಎಳೆಯಿರಿ. ಬಟ್ಟೆಯ ಒಂದು ಮಗ್ಗುಲು ಕೊಳೆಯಾದರೆ ಮಡಚಿ ಇನ್ನೊಂದು ಮಗ್ಗುಲು. ಕೊಳೆಯಾದ ಬಟ್ಟೆ ಮತ್ತೆ ಬಕೆಟ್‌ಗೆ ಹೋಗಬಾರದು. ಮಳೆಯಲ್ಲಿ ಓಡಿಸಿ ಕೆಸರು ಮೆತ್ತಿದ್ದರೆ ಮಾತ್ರ ಪ್ರೆಶರ್ ವಾಶರ್‌ನಲ್ಲಿ ಕೆಸರು ಇಳಿಸದೆ ಕೈ ಹಚ್ಚಬೇಡಿ.

ಬೋರ್‌ವೆಲ್ ನೀರಾದರೆ ಇನ್ನೊಂದು ಎಚ್ಚರ. ಅದರ ಕ್ಯಾಲ್ಸಿಯಂ, ಮೆಗ್ನೀಸಿಯಂ ಲವಣ ಬಿಸಿ ಬಾನೆಟ್ ಮೇಲೆ ಒಣಗಿ ಬಿಳಿ ಉಂಗುರ ಬಿಡುತ್ತದೆ. ನೆರಳಲ್ಲಿ ತೊಳೆಯಿರಿ, ಹನಿ ಒಣಗಲು ಬಿಡದೆ ಒರೆಸಿ. ಹೊಸ ಕಲೆ ನೀರು ಬೆರೆಸಿದ ಬಿಳಿ ವಿನೆಗರ್‌ಗೆ ಬಿಡುತ್ತದೆ, ಆದ ತಕ್ಷಣ ತೊಳೆದುಬಿಡಿ. ಕೋಟಿಂಗ್ ಇದ್ದರೂ ಈ ಉಂಗುರ ಬೀಳುತ್ತದೆ. ನೀರು ಮುತ್ತಿನಂತೆ ನಿಲ್ಲುವುದನ್ನು ಅಂಗಡಿಯವರು ವಿಡಿಯೋ ಮಾಡಿ ತೋರಿಸುತ್ತಾರಲ್ಲ, ಆ ಹನಿಗಳು ಅಲ್ಲೇ ಒಣಗಿದರೆ ಒಂದೊಂದೂ ಒಂದು ಕಲೆ.

ಈಗ ಪಾಲಿಶ್. ಇದನ್ನು ನಿಧಾನವಾಗಿ ಓದಿ, ಯಾಕೆಂದರೆ ವಾಪಸ್ ತರಲಾಗದ ಹಾನಿ ಆಗುವುದು ಇಲ್ಲಿ ಮಾತ್ರ. ಕಾರಿನ ಬಣ್ಣದ ಮೇಲೆ ಕ್ಲಿಯರ್ ಕೋಟ್ ಎಂಬ ಪಾರದರ್ಶಕ ಪದರ ಇದೆ. ಸಾಮಾನ್ಯವಾಗಿ 40ರಿಂದ 50 ಮೈಕ್ರಾನ್ ದಪ್ಪ, ತಲೆಗೂದಲಿಗಿಂತ ತೆಳು. ಬಿಸಿಲಿನ ಅತಿನೇರಳೆ ಕಿರಣವನ್ನು ತಡೆಯುವುದು ಅದೇ. ಪಾಲಿಶ್ ಎಂದರೆ ಗೆರೆಯನ್ನು ತುಂಬುವುದಲ್ಲ, ಗೆರೆಯ ಆಳಕ್ಕೆ ಸುತ್ತಲ ಪದರವನ್ನು ಸವೆಸುವುದು. ನಯವಾದ ಪಾಲಿಶ್‌ಗೆ ಒಂದೆರಡು ಮೈಕ್ರಾನ್ ಹೋಗಬಹುದು, ಒರಟು ಕಾಂಪೌಂಡ್ ಮತ್ತು ಉಣ್ಣೆ ಪ್ಯಾಡ್ ಹಾಕಿದರೆ ಅದಕ್ಕಿಂತ ಬಹಳ ಹೆಚ್ಚು. ಹೋದದ್ದು ಬರುವುದಿಲ್ಲ. ಹಾಗಾಗಿ ಹಬ್ಬಕ್ಕೊಂದು ರಬ್ಬಿಂಗ್ ಮಾಡಿಸುವ ಪದ್ಧತಿ ಇಂಥ ಕಾರಿಗೆ ಸಲ್ಲದು.

ಸೆಕೆಂಡ್ ಹ್ಯಾಂಡ್ ಕಾರಾದ್ದರಿಂದ ಹಿಂದಿನ ಮಾಲೀಕರು ಎಷ್ಟು ಸವೆಸಿದ್ದಾರೋ ನಿಮಗೆ ಗೊತ್ತಿಲ್ಲ. ಮೊದಲು ಪೇಂಟ್ ಥಿಕ್‌ನೆಸ್ ಮೀಟರ್‌ನಲ್ಲಿ ಅಳೆಸಿ. ಕೇಮನ್‌ನ ಬಾನೆಟ್, ಬಾಗಿಲು ಅಲ್ಯೂಮಿನಿಯಂ. ಉಕ್ಕನ್ನು ಮಾತ್ರ ಓದುವ ಅಗ್ಗದ ಮೀಟರ್ ಅಲ್ಲಿ ಏನೂ ತೋರಿಸುವುದಿಲ್ಲ, ಎರಡೂ ಲೋಹ ಓದುವಂಥದ್ದು ಬೇಕು. ಬಂಪರ್‌ಗಳು ಪ್ಲಾಸ್ಟಿಕ್, ಅವನ್ನು ಈ ಮೀಟರ್ ಓದುವುದೇ ಇಲ್ಲ. ಅಲ್ಲಿ ಇನ್ನೂ ಹಗುರ ಕೈ ಇರಬೇಕು. ಮೀಟರ್ ಹೇಳುವುದು ಒಟ್ಟು ಪೇಂಟಿನ ದಪ್ಪ, ಕ್ಲಿಯರ್ ಕೋಟ್‌ನದ್ದಷ್ಟೇ ಅಲ್ಲ. ಕಾರ್ಖಾನೆಯ ಪೇಂಟ್ ಸಾಮಾನ್ಯವಾಗಿ 100ರಿಂದ 150 ಮೈಕ್ರಾನ್ ಆಸುಪಾಸು. ಒಂದು ಬಾಗಿಲು 110, ಪಕ್ಕದ್ದು 250 ಬಂದರೆ ಅದು ರೀಪೇಂಟ್ ಆಗಿರುವ ಸಾಧ್ಯತೆಯೇ ಹೆಚ್ಚು. ಬಾಗಿಲ ಚೌಕಟ್ಟಿನ ಒಳಗಿಗಿಂತ ಬಾನೆಟ್‌ನಲ್ಲಿ ಎಲ್ಲೋ ಒಂದು ಕಡೆ ತೀರಾ ಕಡಿಮೆ ಬಂದರೆ ಅಲ್ಲಿ ಮೆಷಿನ್ ಇಡಲು ನಾನಂತೂ ಒಪ್ಪುವುದಿಲ್ಲ.

ಕೆಲಸ ಗೊತ್ತಿರುವವರು ಮೊದಲು ಬ್ರೇಕ್ ದೂಳಿನ ಕಬ್ಬಿಣದ ಕಣಗಳನ್ನು ಐರನ್ ರಿಮೂವರ್‌ನಲ್ಲಿ ಕರಗಿಸುತ್ತಾರೆ (ನೇರಳೆ ಬಣ್ಣ ಹರಿಯುತ್ತದೆ, ಗಾಬರಿಯಾಗಬೇಡಿ), ಆಮೇಲೆ ಕ್ಲೇ (ಅಂಟಿಕೊಂಡ ಕೊಳೆ ಎತ್ತುವ ಜೇಡಿಯಂಥ ಮುದ್ದೆ) ಹಚ್ಚುತ್ತಾರೆ, ಅಂಚುಗಳಿಗೆ ಟೇಪ್ ಅಂಟಿಸುತ್ತಾರೆ. ಆಮೇಲೆ ಒಂದು ಸಣ್ಣ ಚೌಕದಲ್ಲಿ ಎಲ್ಲಕ್ಕಿಂತ ಮೃದುವಾದ ಪ್ಯಾಡ್, ನಯವಾದ ಪಾಲಿಶ್ ಇಟ್ಟು ಪರೀಕ್ಷೆ. ಸಾಲದಿದ್ದರೆ ಮಾತ್ರ ಒಂದು ಮೆಟ್ಟಿಲು ಒರಟು. ಮೆಷಿನ್ ಡ್ಯುಯಲ್ ಆಕ್ಷನ್ (ಪ್ಯಾಡ್ ತಿರುಗುತ್ತಲೇ ಅಲುಗಾಡುವಂಥದ್ದು) ಇರಲಿ. ಸುಮ್ಮನೆ ಗಿರಗಿರ ಸುತ್ತುವ ರೋಟರಿ ಮೆಷಿನ್ ಪಳಗಿದ ಕೈಯಲ್ಲಿ ಒಳ್ಳೆಯದೇ, ಪಳಗದ ಕೈಯಲ್ಲಿ ಅಂಚು ಸುಡುತ್ತದೆ, ಹೊಗೆಯಂಥ ಹೊಳಪಿನ ಪಟ್ಟೆ ಬಿಡುತ್ತದೆ. ಮುಗಿದ ಮೇಲೆ ಐಸೊಪ್ರೊಪೈಲ್ ಆಲ್ಕೋಹಾಲ್ ದ್ರಾವಣದಲ್ಲಿ ಒರೆಸಿಸಿ, ಬಿಸಿಲಿಗೆ ತಂದು ನೋಡಿ. ಪಾಲಿಶ್‌ನ ಎಣ್ಣೆ ಗೆರೆಯನ್ನು ತಾತ್ಕಾಲಿಕವಾಗಿ ಮುಚ್ಚುತ್ತದೆ, ಒರೆಸಿದ ಮೇಲೂ ಕಾಣದಿದ್ದರೆ ಕೆಲಸ ನಿಜವಾಗಿ ಆಗಿದೆ. ನೂರಕ್ಕೆ ನೂರು ಗೆರೆ ಹೋಗಬೇಕು ಎಂದು ಹಟ ಹಿಡಿಯಬೇಡಿ. ಉಗುರಿಗೆ ಸಿಕ್ಕುವ ಗೀರನ್ನು ಹಾಗೇ ಬಿಡುವುದೇ ಕ್ಷೇಮ.

ಸೆರಾಮಿಕ್ ಕೋಟಿಂಗ್ ದಪ್ಪ ಹೆಚ್ಚೆಂದರೆ ಒಂದೆರಡು ಮೈಕ್ರಾನ್. 9ಎಚ್ ಎನ್ನುವುದು ಪೆನ್ಸಿಲ್ ಗಡಸುತನದ ಪರೀಕ್ಷೆಯ ಕೊನೆಯ ಮೆಟ್ಟಿಲು. ಪೆನ್ಸಿಲ್‌ಗೆ ಜಗ್ಗದ್ದು ಕ್ವಾರ್ಟ್ಜ್ ದೂಳಿಗೂ ಜಗ್ಗುವುದಿಲ್ಲ ಎಂದಲ್ಲ. ಕಲ್ಲೇಟಿಗಂತೂ ಅದು ಲೆಕ್ಕಕ್ಕೇ ಇಲ್ಲ. ಹಾಗಂತ ಬೇಡ ಅನ್ನುತ್ತಿಲ್ಲ: ಕೊಳೆ ಸುಲಭವಾಗಿ ಬಿಡುತ್ತದೆ, ಒರೆಸುವಾಗ ಒತ್ತಡ ಕಡಿಮೆ ಸಾಕು, ಕಪ್ಪಿಗೆ ಆಳ ಬರುತ್ತದೆ. ಅಷ್ಟಕ್ಕೇ ಹಾಕಿಸಿ.

ಕಲ್ಲೇಟಿಗೆ ಇರುವ ಉತ್ತರ ಪಿಪಿಎಫ್ ಒಂದೇ. 150ರಿಂದ 200 ಮೈಕ್ರಾನ್ ದಪ್ಪದ ಟಿಪಿಯು (ರಬ್ಬರಿನಂತೆ ಹಿಗ್ಗುವ ಪ್ಲಾಸ್ಟಿಕ್) ಹಾಳೆ, ಸಣ್ಣ ಗೆರೆ ಬಿಸಿಲಿಗೆ ತಾನೇ ಕೂಡಿಕೊಳ್ಳುತ್ತದೆ. ಪಿವಿಸಿ ಹಾಳೆ ಅಗ್ಗ ಅಂತ ಹಾಕಿಸಬೇಡಿ, ಹಳದಿಗಟ್ಟುತ್ತದೆ. ಮೈಸೂರು ಎಕ್ಸ್‌ಪ್ರೆಸ್‌ವೇನಲ್ಲಿ ಲಾರಿ ಹಿಂದೆ ಹೋದರೆ ಏಟು ಬೀಳುವುದು ಮುಂದಿನ ಬಂಪರ್, ಬಾನೆಟ್, ಫೆಂಡರ್, ಕನ್ನಡಿಗಳಿಗೆ. ಕೇಮನ್‌ನಲ್ಲಿ ಎಂಜಿನ್ ಸೀಟಿನ ಹಿಂದಿದೆ, ಸೊಂಟ ಅಗಲ. ಮುಂದಿನ ಟೈರ್ ಎಸೆಯುವ ಕಲ್ಲೆಲ್ಲ ಬಾಗಿಲ ಕೆಳಭಾಗಕ್ಕೆ, ಪಕ್ಕದ ಗಾಳಿಕಿಂಡಿಗೆ, ಹಿಂದಿನ ಚಕ್ರದ ಮುಂಭಾಗಕ್ಕೆ ಬಡಿಯುತ್ತದೆ. ಇಷ್ಟು ಜಾಗಕ್ಕೆ ಫಿಲ್ಮ್, ಉಳಿದದ್ದಕ್ಕೆ ಕೋಟಿಂಗ್. ಇಡೀ ಕಾರಿಗಾದರೆ ಅದು ಲಕ್ಷದ ಮಾತು, ವಾರಾಂತ್ಯಕ್ಕೆ ನಂದಿ ಬೆಟ್ಟಕ್ಕೆ ಹೋಗಿಬರುವ ಕಾರಿಗೆ ಅಷ್ಟು ಬೇಕಿಲ್ಲ ಎಂದು ನನ್ನ ಅಭಿಪ್ರಾಯ. ಅನುಕ್ರಮ ತಪ್ಪಬಾರದು: ಪಾಲಿಶ್, ಆಮೇಲೆ ಫಿಲ್ಮ್, ಕೊನೆಗೆ ಕೋಟಿಂಗ್. ಕೋಟಿಂಗ್ ಮೇಲೆ ಫಿಲ್ಮ್‌ನ ಅಂಟು ಸರಿಯಾಗಿ ಹಿಡಿಯುವುದಿಲ್ಲ. ರೀಪೇಂಟ್ ಆದ ಭಾಗ ಇದ್ದರೆ ಅಂಗಡಿಯವರಿಗೆ ಮೊದಲೇ ಹೇಳಿ. ಮುಂದೆಂದಾದರೂ ಫಿಲ್ಮ್ ಕೀಳುವಾಗ ಹಿಡಿತವಿಲ್ಲದ ಪೇಂಟ್ ಜೊತೆಗೇ ಎದ್ದು ಬರುತ್ತದೆ.

ಮಳೆಮರದ ಕೆಳಗೆ ನಿಲ್ಲಿಸಿದಾಗ ಹಕ್ಕಿ ಹಿಕ್ಕೆಯೋ ಬಾವಲಿ ಹಿಕ್ಕೆಯೋ ಬಿದ್ದರೆ ಸಂಜೆಗೆ ಅಂತ ಬಿಡಬೇಡಿ. ಬಿಸಿಗೆ ಮೃದುವಾದ ಕ್ಲಿಯರ್ ಕೋಟ್‌ನಲ್ಲಿ ಅದರ ಅಚ್ಚು ಉಳಿದುಬಿಡುತ್ತದೆ. ಒಂದು ಸ್ಪ್ರೇ ಬಾಟಲಿ, ಒಂದು ಮೈಕ್ರೊಫೈಬರ್ ಬಟ್ಟೆ ಕಾರಲ್ಲೇ ಇರಲಿ. ನೆನೆಸಿ, ಎತ್ತಿ ತೆಗೆಯಿರಿ, ಉಜ್ಜಬೇಡಿ.

ಮೀಟರ್ ರೀಡಿಂಗ್ ಬಂದ ಮೇಲೆ ಪ್ಯಾನೆಲ್‌ವಾರು ಬರೆದು ಕಾಮೆಂಟ್‌ನಲ್ಲಿ ಹಾಕಿ. ಎಲ್ಲಿ ಮೆಷಿನ್ ಇಡಬಹುದು, ಎಲ್ಲಿ ಬೇಡ ಅಂತ ನೋಡಿ ಹೇಳುತ್ತೇನೆ. ಅಲ್ಲಿಯವರೆಗೆ ಆ ರಬ್ಬಿಂಗ್‌ಗೆ ಮುಂಗಡ ಕೊಡಬೇಡಿ.