ಸಿಂಹಳ, ಮಾಲ್ಟೀಸ್ ಭಾಷೆಗಳನ್ನು ಎಲ್ಲೆಲ್ಲಿ ಮಾತಾಡುತ್ತಾರೆ? ಮಾಲ್ಟೀಸ್ ಅಂದ್ರೆ ಮಾಲ್ಡೀವ್ಸ್ ಭಾಷೆನಾ?

ಮೊದಲು ಎರಡನೇ ಪ್ರಶ್ನೆ ತಗೊಳ್ತೀನಿ. ಅಲ್ಲ, ಮಾಲ್ಟೀಸ್ ಯುರೋಪಿನ ಮಾಲ್ಟಾ ದೇಶದ ಭಾಷೆ. ಮಾಲ್ಡೀವ್ಸ್‌ನವರದು ಧಿವೇಹಿ. ಆದರೆ ನೀವು ಆ ಹೆಸರು ಎತ್ತಿದ್ದು ಒಳ್ಳೆಯದೇ ಆಯಿತು. ಸಿಂಹಳಕ್ಕೆ ತೀರಾ ಹತ್ತಿರದ ನೆಂಟ ಅಂದರೆ ಈ ಧಿವೇಹಿಯೇ.

ಸಿಂಹಳ ಶ್ರೀಲಂಕಾದ ಭಾಷೆ. ಒಂದೂವರೆ ಕೋಟಿಗೂ ಜಾಸ್ತಿ ಜನರ ಮನೆಮಾತು. ಹಾಗಂತ ದ್ವೀಪದ ಎಲ್ಲಾ ಕಡೆ ಅದೇ ಕೇಳಿಸುತ್ತೆ ಅಂದುಕೊಳ್ಳಬೇಡಿ. ಗಾಲೆ, ಮಾತರ, ಕ್ಯಾಂಡಿ, ಅನುರಾಧಪುರ ಇವೆಲ್ಲ ಸಿಂಹಳದ ಊರುಗಳು. ಉತ್ತರದ ಜಾಫ್ನಾಕ್ಕೋ ಪೂರ್ವದ ಬಟ್ಟಿಕಲೋವಾಕ್ಕೋ ಹೋದರೆ ಕಿವಿಗೆ ಬೀಳುವುದು ತಮಿಳು. ನುವರ ಎಲಿಯದ ಟೀ ತೋಟಗಳಲ್ಲೂ ತಮಿಳೇ. 1956ರಲ್ಲಿ ಸಿಂಹಳವೊಂದನ್ನೇ ಆಡಳಿತ ಭಾಷೆ ಮಾಡಿದರು. ಅದರಿಂದ ತಮಿಳರಿಗಾದ ನೋವು ದೊಡ್ಡದು. ಸಂವಿಧಾನದಲ್ಲಿ ತಮಿಳಿಗೂ ಆ ಜಾಗ ಸಿಕ್ಕಿದ್ದು 1987ರಲ್ಲಿ. ಈಗ ನೋಟಿನ ಮೇಲೆ ಸಿಂಹಳ, ತಮಿಳು, ಇಂಗ್ಲಿಷ್ ಮೂರೂ ಇವೆ.

ನಾನು ಕೆಲಸದ ಮೇಲೆ ಒಂದು ವರ್ಷ ಕೊಲಂಬೊದಲ್ಲಿದ್ದೆ. ಅಕ್ಷರ ನಮ್ಮವುಗಳ ಹಾಗೇ ದುಂಡಗೆ. ಬಸ್ ಬೋರ್ಡ್ ನೋಡಿದರೆ ಇನ್ನೇನು ಓದೇಬಿಡ್ತೀನಿ ಅನ್ನಿಸುತ್ತಿತ್ತು, ಆದರೆ ಒಂದಕ್ಷರವೂ ದಕ್ಕುತ್ತಿರಲಿಲ್ಲ. ಕೆಳಗಿನ ಮನೆಯ ಮಕ್ಕಳು ಕೂಗಾಡುವಾಗ ಮಾತ್ರ ನಮ್ಮೂರಲ್ಲೇ ಇದ್ದ ಹಾಗೆ ಖುಷಿ. ಅಮ್ಮನಿಗೆ ಅಮ್ಮ, ಅಕ್ಕನಿಗೆ ಅಕ್ಕ, ತಂಗಿಗೆ ನಂಗಿ! ಸಿಂಹಳ ಹುಟ್ಟಿನಿಂದ ಹಿಂದಿ, ಬಂಗಾಳಿಗಳ ಕುಟುಂಬದ್ದು. ಆದರೆ ತಮಿಳಿನ ಪಕ್ಕದಲ್ಲೇ ಅಷ್ಟು ಕಾಲ ಬಾಳಿದೆ, ಅಲ್ವಾ?

ಮಾಲ್ಟಾದ್ದು ಇದಕ್ಕೆ ಉಲ್ಟಾ. ಸಿಸಿಲಿಯ ಕೆಳಗೆ, ಮೆಡಿಟರೇನಿಯನ್ ಸಮುದ್ರದ ನಡುವೆ, ಒಟ್ಟು 316 ಚದರ ಕಿ.ಮೀ. ದೇಶ. ಬೆಂಗಳೂರು ನಗರದ ಅರ್ಧವೂ ಇಲ್ಲ. ಮಾಲ್ಟೀಸ್ ಆಡುವವರು ಸುಮಾರು 5 ಲಕ್ಷ ಅಷ್ಟೇ. ಆದರೆ ಮಾಲ್ಟಾ, ಪಕ್ಕದ ಗೋಜೊ ಎರಡೂ ದ್ವೀಪದ ಉದ್ದಗಲಕ್ಕೂ ಅದೇ ಮನೆಮಾತು. ಬೇರು ಅರಬ್ಬಿ, ಲಿಪಿ ರೋಮನ್. ಅಲ್ಲಿನ ಕ್ಯಾಥೊಲಿಕರು ಚರ್ಚಿನಲ್ಲಿ ದೇವರನ್ನು 'ಅಲ್ಲಾ' ಅಂತಲೇ ಕರೆಯುತ್ತಾರೆ. ನನಗೆ ಇದು ತುಂಬಾ ಇಷ್ಟವಾದ ಸಂಗತಿ.

ನನ್ನ ತಂಗಿ ಅಲ್ಲಿ ನರ್ಸ್. ವಾರ್ಡಿನಲ್ಲಿ ಅಜ್ಜಿಯರು ತಮ್ಮತಮ್ಮಲ್ಲಿ ಮಾಲ್ಟೀಸಿನಲ್ಲಿ ಹರಟುತ್ತಾರೆ. ಇವಳ ಕಡೆ ತಿರುಗಿದ ಕೂಡಲೇ ಇಂಗ್ಲಿಷ್. ಮೂರು ವರ್ಷದಲ್ಲಿ ಅವಳಿಗೆ ಬಂದಿದ್ದು ನೀರಿಗೆ 'ಇಲ್ಮಾ', ಥ್ಯಾಂಕ್ಸ್‌ಗೆ 'ಗ್ರಾತ್ಸಿ', ಇಷ್ಟೇ. ಅಂದರೆ ಶ್ರೀಲಂಕಾದಲ್ಲಿ ಊರು ದಾಟಿದರೆ ಭಾಷೆ ಬದಲಾಗುತ್ತೆ, ಮಾಲ್ಟಾದಲ್ಲಿ ಒಬ್ಬರ ಬಾಯಲ್ಲೇ ಎರಡು ಭಾಷೆ. ಇಷ್ಟು ಪುಟ್ಟ ಭಾಷೆ 2004ರಿಂದ ಯುರೋಪಿಯನ್ ಒಕ್ಕೂಟದ ಅಧಿಕೃತ ಭಾಷೆಗಳಲ್ಲಿ ಒಂದು.

ಹೊರದೇಶದಲ್ಲಿ ಎರಡನ್ನೂ ಒಂದೇ ಊರಲ್ಲಿ ಕೇಳಬೇಕಾ? ಆಸ್ಟ್ರೇಲಿಯಾದ ಮೆಲ್ಬರ್ನ್‌ಗೆ ಹೋಗಿ. ಎರಡನೇ ಮಹಾಯುದ್ಧದ ನಂತರ ಮಾಲ್ಟಾದವರು ಅಲ್ಲಿಗೆ ದೊಡ್ಡ ಸಂಖ್ಯೆಯಲ್ಲಿ ವಲಸೆ ಹೋದರು. ಸಿಂಹಳದ ಮನೆಗಳೂ ಅಲ್ಲಿ ಬೇಕಾದಷ್ಟಿವೆ.