ಜಿಎಸ್‌ಟಿಗೆ ಓಕೆ, ರೈಲ್ವೆ ಟೆಂಡರ್‌ಗೆ ಬೇಡ ಅನ್ನುವ ಡಿಎಸ್‌ಸಿ: ಯಾವ ಕಂಪನಿಯದು ತಗೊಳ್ಳಲಿ?

ನಿಮ್ಮ ಡಿಎಸ್‌ಸಿ (ಆನ್‌ಲೈನ್‌ನಲ್ಲಿ ಸಹಿ ಹಾಕುವ ಡಿಜಿಟಲ್ ಸರ್ಟಿಫಿಕೇಟ್) ಜಿಎಸ್‌ಟಿಯಲ್ಲಿ ನಡೆಯುತ್ತೆ, ರೈಲ್ವೆ ಟೆಂಡರ್ ವೆಬ್‌ಸೈಟ್ ಐಆರ್‌ಇಪಿಎಸ್‌ನಲ್ಲಿ ನಡೆಯುತ್ತಿಲ್ಲ, ಯಾವ ಕಂಪನಿಯದು ತಗೊಳ್ಳಲಿ ಅಂತ ಕೇಳಿದ್ದೀರಿ. ಇದರಲ್ಲಿ ಕಂಪನಿಯ ತಪ್ಪು ಇರಲಿಕ್ಕಿಲ್ಲ. ಏಜೆಂಟ್ ಬರೀ ಸಹಿಯ ಸರ್ಟಿಫಿಕೇಟ್ ಕೊಟ್ಟಿರಬೇಕು. ರೈಲ್ವೆ ಟೆಂಡರ್‌ಗೆ ಎನ್‌ಕ್ರಿಪ್ಶನ್‌ದೂ (ಫೈಲನ್ನು ಬೇರೆಯವರು ಓದದಂತೆ ಮುಚ್ಚುವ ಸರ್ಟಿಫಿಕೇಟ್) ಬೇಕು. ನಿಮ್ಮ ಟೋಕನ್ (ಸರ್ಟಿಫಿಕೇಟ್ ಇರುವ ಯುಎಸ್‌ಬಿ ಸಾಧನ) ನೋಡದೆ ಖಂಡಿತ ಅನ್ನಲಾರೆ, ಆದರೆ ನನಗೂ ಹೀಗೇ ಆಗಿತ್ತು.

ಮೊದಲು ಟೋಕನ್ ಹಾಕಿ, ಅದರ ಸಾಫ್ಟ್‌ವೇರ್‌ನಲ್ಲಿ ಸರ್ಟಿಫಿಕೇಟ್ ತೆರೆದು 'ಕೀ ಯೂಸೇಜ್' ಓದಿ. 'ಕೀ ಎನ್‌ಸೈಫರ್‌ಮೆಂಟ್' ಎಲ್ಲೂ ಕಾಣದಿದ್ದರೆ ಅದೇ ಕಾರಣ. ಹಾಗೇ 'ಸರ್ಟಿಫಿಕೇಶನ್ ಪಾತ್' ನೋಡಿ. ಮೇಲಿನ ತುದಿಯಲ್ಲಿ 'ಸಿಸಿಎ ಇಂಡಿಯಾ' ಇರಬೇಕು; ಸಿಸಿಎ ಅಂದರೆ ಡಿಎಸ್‌ಸಿ ಕೊಡುವ ಕಂಪನಿಗಳಿಗೆ ಲೈಸೆನ್ಸ್ ಕೊಡುವ ಸರ್ಕಾರಿ ಕಚೇರಿ. ಇಲ್ಲವಾದರೆ ಅದು ನಮ್ಮ ಸರ್ಕಾರಿ ಕೆಲಸಕ್ಕೆ ಬರುವುದಿಲ್ಲ.

ಹೊಸದು ತಗೊಳ್ಳುವುದಾದರೆ ಸಿಸಿಎ ವೆಬ್‌ಸೈಟ್‌ನಲ್ಲಿ ಲೈಸೆನ್ಸ್ ಇರುವವರ ಪಟ್ಟಿ ಇದೆ. ಇಮುದ್ರಾ, ಎನ್‌ಕೋಡ್, ಕ್ಯಾಪ್ರಿಕಾರ್ನ್ ಇಂಥವರು. 2000ದ ಐಟಿ ಕಾಯ್ದೆ ಪ್ರಕಾರ ಇವರೆಲ್ಲರ ಡಿಎಸ್‌ಸಿಯ ಸಹಿಗೂ ಒಂದೇ ಮಾನ್ಯತೆ, ಹಾಗಾಗಿ ಬ್ರ್ಯಾಂಡ್ ಹೆಸರಿಗೆ ಸುಮ್ನೆ ಜಾಸ್ತಿ ದುಡ್ಡು ಕೊಡಬೇಡಿ. ಫೋನ್ ಎತ್ತುವ ಸಪೋರ್ಟ್ ಇದೆಯಾ ನೋಡಿ, ಟೆಂಡರ್ ಕೊನೇ ದಿನ ಅದೇ ಕೈ ಹಿಡಿಯುವುದು.

ಕೇಳಬೇಕಾದ್ದು: ಕ್ಲಾಸ್ 3 (ಕ್ಲಾಸ್ 2 ಕೊಡುವುದು 2021ರಿಂದ ನಿಂತಿದೆ), ಸೈನಿಂಗ್ ಮತ್ತು ಎನ್‌ಕ್ರಿಪ್ಶನ್ ಎರಡೂ. ಬಿಡ್ ಸಂಸ್ಥೆ ಹೆಸರಲ್ಲಿದ್ದರೆ 'ಆರ್ಗನೈಸೇಶನ್' ಮಾದರಿ. ಗುರುತು ಪರಿಶೀಲನೆಯ ವಿಡಿಯೊ, ಓಟಿಪಿ, ಪಿನ್ ಎಲ್ಲ ನೀವೇ ಮಾಡಿ. "ನಾನೇ ಮಾಡಿಕೊಡ್ತೀನಿ ಸಾರ್" ಅನ್ನುವ ಏಜೆಂಟ್ ಬೇಡ. ಟೋಕನ್ ಹಳೆಯದೇ ಆಗಬಹುದು, ಕೇಳಿ ನೋಡಿ.

ಮುಂದೆ ನವೀಕರಿಸುವಾಗ ಹಳೆಯ ಎನ್‌ಕ್ರಿಪ್ಶನ್ ಸರ್ಟಿಫಿಕೇಟ್ ಅಳಿಸಬೇಡಿ. ಅದರಲ್ಲಿ ಮುಚ್ಚಿದ ಫೈಲ್ ಹೊಸದರಿಂದ ತೆರೆಯುವುದಿಲ್ಲ.