ಓದಿದರೆ ಟ್ಯಾಬ್ ಕೊಡ್ತೀನಿ ಅನ್ನಬಹುದಾ?

ನಿಮ್ಮ 8 ವರ್ಷದ ಮಗಳಿಗೆ ಓದಲು ಚೆನ್ನಾಗಿ ಬರುತ್ತದೆ, ಆದರೂ ಪುಸ್ತಕ ಮುಟ್ಟುವುದಿಲ್ಲ. ‘20 ನಿಮಿಷ ಓದಿದರೆ ಅರ್ಧ ಗಂಟೆ ಟ್ಯಾಬ್’ ಅನ್ನುವ ನಿಯಮ ಮಾಡಲೇ ಎಂದು ಕೇಳಿದ್ದೀರಿ. ದಯವಿಟ್ಟು ಬೇಡ. ಟ್ಯಾಬ್ ಬಹುಮಾನ, ಓದು ಅದಕ್ಕೆ ಕಟ್ಟಬೇಕಾದ ದಂಡ ಅಂತ ಅವಳ ತಲೆಯಲ್ಲಿ ಕೂತುಬಿಡುತ್ತದೆ.

ಅದರ ಬದಲು ನೀವೇ ಓದಿ ಹೇಳಿ. ಮಕ್ಕಳಿಗೆ ಓದಲು ಬಂದ ಕೂಡಲೇ ಸುಮಾರು ಜನ ಇದನ್ನು ನಿಲ್ಲಿಸಿಬಿಡುತ್ತಾರೆ. ಆದರೆ ಈ ವಯಸ್ಸಲ್ಲಿ ತಾವಾಗಿ ಓದಿದ್ದಕ್ಕಿಂತ ಕೇಳಿದ್ದೇ ಮಕ್ಕಳಿಗೆ ಜಾಸ್ತಿ ಅರ್ಥವಾಗುತ್ತದೆ, ಅಲ್ವಾ? ಹಾಗಾಗಿ ಅವಳ ಮಟ್ಟಕ್ಕಿಂತ ಸ್ವಲ್ಪ ದೊಡ್ಡ ಕಥೆಯನ್ನೇ ಎತ್ತಿಕೊಳ್ಳಿ. ಕಥೆಯಲ್ಲಿ ಬಾಗಿಲು ತಟ್ಟಿದ್ದು ಯಾರು ಅಂತ ಗೊತ್ತಾಗುವ ಮುಂಚೆಯೇ ನಿಲ್ಲಿಸಿ, ಪುಸ್ತಕವನ್ನು ದಿಂಬಿನ ಪಕ್ಕ ಇಟ್ಟು ಬನ್ನಿ. ಮುಂದಿನ ಪುಟ ಅವಳೇ ತೆಗೆದರೆ ಸುಮ್ನೆ ಬಿಟ್ಟುಬಿಡಿ, ಹೊಗಳಲೂ ಹೋಗಬೇಡಿ.

ಪುಸ್ತಕ ಅವಳೇ ಆರಿಸಲಿ. ಕಾಮಿಕ್ಸ್ ಆದರೂ ಓದೇ, ಒಂದೇ ಪುಸ್ತಕ ಮತ್ತೆ ಮತ್ತೆ ಓದಿದರೂ ಓದೇ. ಒಂದು ಪುಟದಲ್ಲಿ ಗೊತ್ತಿಲ್ಲದ ಪದ 5ಕ್ಕಿಂತ ಜಾಸ್ತಿ ಸಿಕ್ಕರೆ ಅದು ಸದ್ಯಕ್ಕೆ ಕಷ್ಟ, ನೀವು ಓದಿ ಹೇಳುವುದಕ್ಕೆ ಇಟ್ಟುಕೊಳ್ಳಿ. ಮತ್ತೆ, ಓದಿ ಮುಗಿಸಿದ ಕೂಡಲೇ ‘ಏನು ಅರ್ಥವಾಯ್ತು ಹೇಳು’ ಅಂತ ಪರೀಕ್ಷೆ ಮಾತ್ರ ಮಾಡಬೇಡಿ.